ಹಿತ್ತಲ ಪಡಸಾಲೆಯ ರ್ಯಾಕು

ಇವತ್ತು ಬೆಳಿಗ್ಗೆ ಹಿತ್ತಲ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತವನಿಗೆ ಒಂದರ ಹಿಂದೊಂದು ಸೀನು ಬಂದವು. ನನ್ನ ಕುರ್ಚಿಯ ಪಕ್ಕದಲ್ಲೇ ಕಬ್ಬಿಣದ ರ್ಯಾಕು. ಅದರಿಂದ ತಮ್ಮನ ಹೆಂಡತಿ ಶೈಲಾ ಹೊಸ ಖಾರದಪುಡಿಯ ಡಬ್ಬಿ ಇಳಿಸಿ ಮುಚ್ಚಳ ತೆಗೆದಿದ್ದಳು. ಹೊಸ ಖಾರದ ವಾಸನೆ ನಿಮಗೂ ಗೊತ್ತಿರಬೇಕು. ಮೂಗಿಗಿಂತ ಮೊದಲು ಕಣ್ಣಿಗೆ ತಿಳಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕುರ್ಚಿ ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಿದ್ದರು. ನಾನು ಹೋಗುವುದಿಲ್ಲ. ಈ ಸೀನು ನನಗೆ ಸಮಾಧಾನ ಕೊಡುತ್ತದೆ.

ರಾಣೇಬೆನ್ನೂರಿನ ಈ ಮನೆಯಲ್ಲಿ ನನ್ನ ಸಂಸಾರ, ತಮ್ಮ ಬಸೂನ ಸಂಸಾರ ಎರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಅಡುಗೆಮನೆಯ ಗೋಡೆಯುದ್ದಕ್ಕೂ ಒಂದು ಹಳೆಯ ನಾಗಂದಿಗೆ. ಹಪ್ಪಳ, ಶಾವಿಗೆ, ಉಪ್ಪಿನಕಾಯಿಯ ಭರಣಿ ಎಲ್ಲವೂ ಆ ಹಲಗೆಯ ಮೇಲೆ ಹಬ್ಬದ ದಿನದ ಬಸ್ಸಿನ ಹಾಗೆ ಒತ್ತಿಕೊಂಡು ನಿಂತಿರುತ್ತಿದ್ದವು. ಶೈಲಾ ಬ್ಯಾಡಗಿಯವಳು. ವರ್ಷಕ್ಕಾಗುವಷ್ಟು ಖಾರ ಅವಳ ತವರಿನಿಂದಲೇ ಬರಬೇಕು. ಅದರ ದೊಡ್ಡ ಡಬ್ಬಿಗೆ ಆಗ ನಾಗಂದಿಗೆಯ ನಡುವೆ ಗೌರವದ ಸ್ಥಾನವಿತ್ತು.

ಕೆಲವು ವರ್ಷಗಳ ಹಿಂದೆ ಒಂದು ದಿನ ಬಸು ಬೈಕ್ ಹತ್ತುತ್ತಾ, “ಅಣ್ಣಾ, ಶೈಲಾಗ ತನಗಂತ ಒಂದು ರ್ಯಾಕ್ ಬೇಕಂತ ನೋಡು,” ಎಂದ. ಹೋಗಿಯೇಬಿಟ್ಟ.

ನನ್ನ ಎದೆ ಧಸಕ್ಕೆಂದಿತು. ಎದುರುಮನೆಯ ಅಣ್ಣತಮ್ಮಂದಿರು ಹೇಗೆ ಬೇರೆಯಾದರೆಂದು ನೋಡಿದವನು ನಾನು. ಮೊದಲು ಭರಣಿಗಳು ಎರಡು ಕಪಾಟಿಗೆ ಹಂಚಿಹೋದವು, ಆಮೇಲೆ ಎರಡು ಒಲೆ, ಆಮೇಲೆ ಅಂಗಳದ ನಡುವೆ ಗೋಡೆ. ನಮ್ಮ ಮನೆಯ ಗೋಡೆ ಎಲ್ಲಿ ಏಳುತ್ತದೆ, ಬಾವಿ ಯಾರ ಪಾಲಿಗೆ ಹೋಗುತ್ತದೆ ಎಂಬುದನ್ನೆಲ್ಲ ನಾನು ಅವತ್ತು ಸಂಜೆಯೊಳಗೆ ಯೋಚಿಸಿ ಮುಗಿಸಿದ್ದೆ.

ಯಾಕೆ ಬೇಕಂತೆ ಎಂದು ಕೇಳಬಹುದಿತ್ತಲ್ಲ ಅನ್ನುತ್ತೀರಿ. ತಮ್ಮನ ಹೆಂಡತಿಯನ್ನು ನೇರವಾಗಿ ಕೇಳುವ ರೂಢಿ ನಮ್ಮಲ್ಲಿಲ್ಲ. ಬಸೂನನ್ನು ಕೇಳಲು ಧೈರ್ಯವಿರಲಿಲ್ಲ, ಬೇರೆಯಾಗಲಿಕ್ಕೇ ಅಂದುಬಿಟ್ಟರೆ? ಹೆಂಡತಿ ಗಿರಿಜೆಯನ್ನು ಕೇಳಿದೆ. “ಆಕಿ ಕೇಳ್ಯಾಳಂದ್ರ ತಂದು ಕೊಡ್ರಿ, ಅದಕ್ಯಾಕ ಇಷ್ಟು ವಿಚಾರಣೆ?” ಎಂದು ಮುಖ ತಿರುಗಿಸಿದಳು. ಇವರಿಬ್ಬರ ನಡುವೆ ಏನೋ ಆಗಿದೆ ಎಂಬುದು ಖಾತ್ರಿಯಾಯಿತು.

ಇನ್ನು ನನ್ನ ಕೈಲಿದ್ದದ್ದು ಒಂದೇ: ತಡಮಾಡುವುದು. ರಾಣೇಬೆನ್ನೂರಿನಲ್ಲಿ ನೋಡಿದ ರ್ಯಾಕುಗಳ ತಗಡೆಲ್ಲ ತೆಳುವೆನಿಸಿತು. ಹಾವೇರಿಯ ಅಂಗಡಿಯಲ್ಲಿ ಒಂದರ ಕಾಲು ಅಲುಗಾಡಿತು. ಅಲುಗಾಡುವವರೆಗೂ ನಾನೇ ಅಲ್ಲಾಡಿಸಿದೆ. ಮತ್ತೊಂದರ ಬಣ್ಣ ಸರಿಬರಲಿಲ್ಲ. ನಾನು ಮೂರನೇ ಸಲ ಹೋದಾಗ ಅಂಗಡಿಯ ಸಾಹೇಬರು ನಕ್ಕರು.

“ಏನ್ರಿ ಯಜಮಾನ್ರ, ರ್ಯಾಕ್ ಒಯ್ಯಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ? ಏನ ಇಡಾವ್ರು ಅದನ್ನರ ಹೇಳ್ರಿ, ಹಂಗ ಹಲಗಿ ಏರಿಸಿ ಇಳಿಸಿ ಬೋಲ್ಟ್ ಹಾಕಿ ಕೊಡ್ತೇನಿ.”

ಏನು ಇಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ನಾಚಿಕೆಗೆ ಎದುರಿಗೆ ನಿಂತಿದ್ದ ರ್ಯಾಕನ್ನೇ ಕೊಂಡು ತಂದೆ.

ಮನೆಗೆ ಬಂದ ರ್ಯಾಕನ್ನು ನಾನೂ ಬಸೂನೂ ಅಡುಗೆಮನೆಗೆ ಹೊತ್ತು ನಡೆದಾಗ ಬಾಗಿಲ ಮರೆಯಿಂದ ಶೈಲಾಳ ದನಿ ಬಂತು. “ಭಾವಾರ, ಅಲ್ಲಿ ಬ್ಯಾಡ್ರಿ. ಹಿತ್ತಲ ಪಡಸಾಲ್ಯಾಗ ಇಡ್ರಿ.”

ಹಿತ್ತಲ ಪಡಸಾಲೆ! ಅಲ್ಲಿ ನೀರಿದೆ, ಬಚ್ಚಲಿದೆ, ಒಂದು ಅಡುಗೆಮನೆಗೆ ಬೇಕಾದ ಜಾಗವಿದೆ. ಇಷ್ಟು ದಿನ ನುಂಗಿಕೊಂಡದ್ದು ಬಾಯಿಗೆ ಬಂದುಬಿಟ್ಟಿತು: “ಅಲ್ಲೇ ಒಲೀನೂ ಹೂಡ್ತೀಯೇನವಾ?”

ಶೈಲಾ ಮರೆಯಿಂದ ಹೊರಗೇ ಬಂದಳು. “ಒಲಿ ಯಾಕ್ರಿ? ಖಾರದ ಡಬ್ಬಿ ಇಡಾಕ್ರಿ. ಮುಚ್ಚಳಾ ತೆಗದ್ರ ಸಾಕು, ಅಕ್ಕಗ ಕೆಮ್ಮು ಹತ್ತಿ ಉಬ್ಬಸ ಬರ್ತೈತಿ. ದಿನಾ ನೋಡಾಕತ್ತೇನಿ.”

“ಮತ್ತ ನನಗ ಯಾರೂ ಹೇಳಿಲ್ಲಲ್ಲ!”

“ಹೇಳಬ್ಯಾಡ ಅಂತ ಅಕ್ಕಾರ ಆಣಿ ಹಾಕ್ಯಾರ್ರಿ.”

ಗಿರಿಜೆ ಒಳಗಿಂದಲೇ ಕೂಗಿದಳು: “ನಿಮಗ ಹೇಳಿದ್ರ ಊರಾಗಿನ ಡಾಕ್ಟರನ್ನೆಲ್ಲಾ ಮನೀಗೆ ತಂದು ಕುಂದರಸ್ತಿದ್ರಿ! ಪಾಪ, ಅದು ಆಕಿ ತವರಮನಿ ಖಾರ. ನನಗ ಆಗಿಬರಂಗಿಲ್ಲ ಅಂತ ಹೆಂಗ ಹೇಳ್ಲಿ?”

ಬಸು ರ್ಯಾಕಿನ ಇನ್ನೊಂದು ತುದಿ ಹಿಡಿದೇ ನಗತೊಡಗಿದ. “ಅಣ್ಣಾ, ಒಲಿ ಹೂಡೂ ಮಾತು ನಿನ್ನ ತಲ್ಯಾಗ ಯಾವಾಗ ಬಂತೋ?”

ಎದೆಯೊಳಗೆ ಅಷ್ಟು ದಿನ ಎಬ್ಬಿಸಿದ್ದ ಗೋಡೆ ಸದ್ದಿಲ್ಲದೆ ಉರುಳಿತು. ಆ ಹಗುರಕ್ಕೆ ರ್ಯಾಕಿನ ಭಾರವೂ ತಿಳಿಯಲಿಲ್ಲ. ಅದು ಹಿಡಿಸುವ ಜಾಗವೆಂದರೆ ನನ್ನ ಕುರ್ಚಿಯ ಪಕ್ಕ ಒಂದೇ. ಅಲ್ಲೇ ನಿಲ್ಲಿಸಿದೆವು. ಶೈಲಾ ಕೆಳಗೆ ಭಾರದ ಭರಣಿ, ಮೇಲೆ ಹಗುರಾದ ಶಾವಿಗೆ, ನಡುವೆ ಕೈಗೆ ಸಿಗುವಂತೆ ಖಾರ ಇಟ್ಟಳು. ಅಡುಗೆಗೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ಹಾಕಿ ಒಳಗೆ ಒಯ್ಯುವುದು ಅವಳದೇ ಕೆಲಸವಾಯಿತು. ಮರುದಿನ ನಾನು ಗಿರಿಜೆಯನ್ನು ಡಾಕ್ಟರ ಬಳಿಗೆ ಕರೆದೊಯ್ಯದೆ ಬಿಡಲಿಲ್ಲ. ಅವರು ಮಾತ್ರೆ ಬರೆದು, “ಖಾರದ ಡಬ್ಬಿ ದೂರ ಇಡ್ರಿ,” ಎಂದರು. ಇಟ್ಟಾಗಿದೆ ಎಂದು ನಾನು ಎದೆಯುಬ್ಬಿಸಿ ಹೇಳಿದೆ, ಎಲ್ಲ ನನ್ನದೇ ಯೋಚನೆಯೇನೋ ಎಂಬಂತೆ.

ಈಗ ಸೀನು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಬಸು ಬಾಗಿಲಲ್ಲಿ ಬಂದು ನಿಂತ. “ಅಣ್ಣಾ, ವೈನಿಗೆ ಇನ್ನೊಂದು ರ್ಯಾಕ್ ಬೇಕಂತ.”

ಅವನ ವೈನಿ ಎಂದರೆ ಗಿರಿಜೆ. ಎದೆ ಹಳೆಯ ಅಭ್ಯಾಸದಂತೆ ಒಮ್ಮೆ ಹಾರಿತು. ನಾನು ಪೇಪರು ಮಡಿಚಿ, “ಯಾಕಂತ?” ಎಂದು ಕೇಳಿದೆ.

“ನಿನ್ನ ಹಳೇ ಪೇಪರ ಇಡಾಕಂತ.”

ಮತ್ತೊಂದು ಸೀನು ಬಂತು. ಒಳಗೆ ಗಿರಿಜೆ, ಶೈಲಾ ಇಬ್ಬರೂ ಒಟ್ಟಿಗೆ ನಕ್ಕರು. ಕಿವಿಗೊಟ್ಟೆ. ಕೆಮ್ಮು ಕೇಳಲಿಲ್ಲ.