ಬಿಷಪ್ಪರ ಮೂರನೇ ಹಾಳೆ

ಮೊನ್ನೆ ಕೆಂಗೇರಿಯಿಂದ ಮೆಟ್ರೋದಲ್ಲಿ ಬರುವಾಗ ನಾಯಂಡಹಳ್ಳಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ನನ್ನ ಪಕ್ಕದಲ್ಲೇ ಕೂತರು. ಕೂತವರೇ ಚೀಲದಿಂದ ಸಣ್ಣ ಬಾಟಲಿ ತೆಗೆದು ಹಣೆಗೂ ಕುತ್ತಿಗೆಗೂ ನೀಲಗಿರಿ ಎಣ್ಣೆ ತಿಕ್ಕಿಕೊಂಡರು. ಬಾಗಿಲು ಮುಚ್ಚಿದ ಎಸಿ ಬೋಗಿ, ವಾಸನೆ ಎಲ್ಲಿಗೆ ಹೋದೀತು? ಎದುರಿಗಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಇಳಿಯಬೇಕಾದ ಸ್ಟೇಷನ್ ಬರುವ ಮೊದಲೇ ವಿಜಯನಗರದಲ್ಲಿ ಇಳಿದುಬಿಟ್ಟೆ. ಅಜ್ಜಿಯ ತಪ್ಪೇನೂ ಇರಲಿಲ್ಲ. ನನ್ನ ಪಾಲಿಗೆ ಆ ವಾಸನೆ ಒಬ್ಬ ಮನುಷ್ಯನದು...

ಅವರು ಮೆಥೋಡಿಸ್ಟ್ ಎಂಬ ಕ್ರೈಸ್ತ ಸಭೆಯ ನಿವೃತ್ತ ಬಿಷಪ್. ಬಸವೇಶ್ವರನಗರದ ಒಂದು ಮನೆಯ ಮೊದಲ ಮಹಡಿಯಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಕಾಲದಲ್ಲಿ ಅವರ ಕಾರು ಮಿಷನ್ ಕಾಂಪೌಂಡಿನೊಳಗೆ ಬಂತೆಂದರೆ ಬೀದರಿನಿಂದ ಕೋಲಾರದವರೆಗೆ ಪಾಸ್ಟರುಗಳೆಲ್ಲ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರಂತೆ. ನಾನು ಕಂಡಾಗ ಅವರ ಬಾಗಿಲು ತಟ್ಟುತ್ತಿದ್ದದ್ದು ನೀರಿನ ಕ್ಯಾನಿನವನು ಮಾತ್ರ. ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಇವರಿಗೆ ಕಲ್ಲು ಹೊಡೆಯುವಷ್ಟು ನೆನಪೂ ಯಾರಿಗೂ ಉಳಿದಿರಲಿಲ್ಲ. ಆಗ ನನಗೆ ಅದರಿಂದ ಸಂತೋಷವೇ ಆಗಿತ್ತು. ಈಗ ಒಳ್ಳೆಯವಳ ಹಾಗೆ ನಟಿಸಿ ಏನಾಗಬೇಕಿದೆ?

ದೇವಶಾಸ್ತ್ರ ಕಲಿಸುವ ಒಂದು ಕಾಲೇಜಿನವರು ಅವರ ಕಾಗದಪತ್ರಗಳನ್ನು ತಮ್ಮಲ್ಲಿ ಕಾಪಾಡಿ ಇಡುತ್ತೇವೆಂದು ಕೇಳಿದ್ದರು. ನಲವತ್ತು ವರ್ಷದ ಡೈರಿ, ಪತ್ರ, ಸುತ್ತೋಲೆ, ಎಲ್ಲ ಒಂದು ಕೋಣೆ ತುಂಬ ಇತ್ತು. ಅದನ್ನು ಓದಿ, ವಿಂಗಡಿಸಿ, ಪಟ್ಟಿ ಟೈಪ್ ಮಾಡುವವರು ಬೇಕಾಗಿತ್ತು. ಬಿಷಪ್ಪರ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ನಾನು ಆಗಷ್ಟೇ ರಾಜಾಜಿನಗರದ ಶಾಲೆಯೊಂದರ ಆಫೀಸಿನಿಂದ ನಿವೃತ್ತಳಾಗಿದ್ದೆ. ನಮ್ಮ ಚರ್ಚಿನ ಸ್ತ್ರೀ ಸಮಾಜದಲ್ಲಿ ಒಬ್ಬರು ಈ ವಿಷಯ ಹೇಳಿದಾಗ ಅವರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ಪಾಪ, ಮನೇಲಿ ಕಷ್ಟ ಇರಬೇಕು ಅಂದುಕೊಂಡಿರಬೇಕು ಅವರು. ನನಗೆ ಬೇಕಾಗಿದ್ದದ್ದು ಕೆಲಸವಲ್ಲ, ಆ ಕೋಣೆಯಲ್ಲಿದ್ದ ಒಂದು ಕಾಗದ.

ನನ್ನ ಅಪ್ಪ ಆ ಬಿಷಪ್ಪರ ಕೈಕೆಳಗೆ ಪಾಸ್ಟರ್ ಆಗಿದ್ದರು. ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ಯಾವ ಪಾಸ್ಟರ್ ಯಾವ ಊರಿಗೆ ಎಂಬುದನ್ನು ಬಿಷಪ್ಪರು ವಾರ್ಷಿಕ ಕಾನ್ಫರೆನ್ಸಿನ ಕೊನೆಯ ದಿನ ಎಲ್ಲರೆದುರು ಓದುತ್ತಾರೆ. ಅಲ್ಲಿಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಊರು ಕೊಡಿ ಎಂದು ಕೇಳುವುದು ಮರ್ಯಾದೆಗೆಟ್ಟ ಕೆಲಸ, ಯಾಕೆ ಕೊಡಲಿಲ್ಲ ಎಂದು ಕೇಳುವುದು ಅದಕ್ಕಿಂತ ದೊಡ್ಡ ತಪ್ಪು. ಹೆಸರು ಓದಿದಾಗ ಪಾಸ್ಟರ್ ಎದ್ದು ನಿಂತು ತಲೆ ಬಾಗಿಸಿ ಕೂರಬೇಕು. ಆ ವಾರ ಅಮ್ಮ ಸಾಮಾನೆಲ್ಲ ಕಟ್ಟಿ, ಒಂದು ಪಾತ್ರೆ, ಮೂರು ತಟ್ಟೆ ಮಾತ್ರ ಹೊರಗಿಡುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದ ವರ್ಷ ಬಿಷಪ್ಪರು ಎಲ್ಲರ ಹೆಸರು ಓದಿದರು, ಆಶೀರ್ವಾದ ಹೇಳಿದರು, ಕಾನ್ಫರೆನ್ಸ್ ಮುಗಿಯಿತು. ಅಪ್ಪನ ಹೆಸರು ಬರಲೇ ಇಲ್ಲ. ಊರಿಲ್ಲದ ಪಾಸ್ಟರಿಗೆ ಸಂಬಳವೂ ಇಲ್ಲ, ಮನೆಯೂ ಇಲ್ಲ.

ಕಟ್ಟಿದ್ದ ಸಾಮಾನಿನೊಂದಿಗೆ ಪಾರ್ಸನೇಜ್, ಅಂದರೆ ಸಭೆಯವರು ಪಾಸ್ಟರಿಗೆ ಕೊಡುವ ಮನೆ, ಬಿಟ್ಟು ಬಾಪೂಜಿ ನಗರದ ಒಂದು ಕೋಣೆಗೆ ಬಂದೆವು. ಅಪ್ಪ ನಾಯಂಡಹಳ್ಳಿಯ ಊದುಬತ್ತಿ ಗೋಡೌನಿನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಉಪದೇಶ ಮಾಡುತ್ತಿದ್ದ ಮನುಷ್ಯ ಮೈತುಂಬ ಮಲ್ಲಿಗೆ, ಚಂದನದ ಪುಡಿ ಮೆತ್ತಿಕೊಂಡು ಮನೆಗೆ ಬರುತ್ತಿದ್ದರು. ಅಮ್ಮ ಬ್ಲೌಸ್ ಹೊಲಿದಳು. ನಾನು ಟೈಪಿಂಗ್ ಕಲಿತೆ.

ಆದರೆ ನಮ್ಮ ಮನೆಯಲ್ಲಿ ಗೋಳಾಟ ಇರಲಿಲ್ಲ. ಬದಲಿಗೆ ಒಂದು ಹೆಮ್ಮೆ ಇತ್ತು. ಅದೇ ಕಾನ್ಫರೆನ್ಸಿನ ಎರಡನೇ ದಿನ, ಸಭೆಯ ಹಳೆಯ ಸಮಾಧಿ ಜಾಗದ ಅಂಚಿನಲ್ಲಿ ಅಂಗಡಿ ಕಟ್ಟಿಸುವ ವಿಚಾರ ಬಂದಾಗ ಅಪ್ಪ ಎದ್ದು ವಿರೋಧಿಸಿದ್ದರು. ಸತ್ತವರ ತಲೆಯ ಮೇಲೆ ವ್ಯಾಪಾರ ಬೇಡ ಎಂದಿದ್ದರು. ಅಪ್ಪ ಮಾತಾಡುವಷ್ಟು ಹೊತ್ತೂ ಬಿಷಪ್ಪರು ತಲೆ ಎತ್ತಲಿಲ್ಲವಂತೆ. ನಾಚಿಕೆಯಿಂದ ತಗ್ಗಿಸಿದ ತಲೆ ಅದು, ಆಮೇಲೆ ಆ ನಾಚಿಕೆಯೇ ಸಿಟ್ಟಾಗಿ ನನ್ನ ಹೆಸರನ್ನು ಹೊಡೆದುಹಾಕಿತು ಎಂದು ಅಪ್ಪ ಹೇಳುತ್ತಿದ್ದರು. ಅಮ್ಮ ಆ ಮಾತನ್ನು ನಂಬಿಕೊಂಡೇ ಸತ್ತಳು. ಸತ್ಯ ಹೇಳಿ ಕೆಟ್ಟವರು ನಾವು ಎಂಬ ಒಂದು ಸೊಕ್ಕು ನನ್ನ ನಡಿಗೆಯಲ್ಲೂ ಇತ್ತು.

ನಾನು ಬಿಷಪ್ಪರ ಕೆಲಸಕ್ಕೆ ಸೇರುವ ಹೊತ್ತಿಗೆ ಅಪ್ಪ ಹೆಗ್ಗನಹಳ್ಳಿಯ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಎಂಬತ್ತು ದಾಟಿತ್ತು, ಕಾಲು ನಿಲ್ಲುತ್ತಿರಲಿಲ್ಲ, ತಲೆ ಚೆನ್ನಾಗಿಯೇ ಇತ್ತು. ಭಾನುವಾರ ಮಧ್ಯಾಹ್ನ ಬೀದರ್, ಯಾದಗಿರಿ ಕಡೆಯಿಂದ ಬಂದು ನಮ್ಮ ಚರ್ಚಿಗೆ ಸೇರಿದ್ದ ನಾಲ್ಕೈದು ಹುಡುಗರು ಡೆಲಿವರಿ ಬ್ಯಾಗನ್ನು ಬಾಗಿಲಲ್ಲಿಟ್ಟು ಒಳಗೆ ಬಂದು ಅಪ್ಪನ ಮಂಚದ ಸುತ್ತ ಕೂರುತ್ತಿದ್ದರು. ಅಯ್ಯನವರೇ, ಆ ಕಥೆ ಇನ್ನೊಂದು ಸಲ ಹೇಳ್ರೀ ಎನ್ನುತ್ತಿದ್ದರು. ಆ ಒಂದು ಗಂಟೆ ಅಪ್ಪನ ದನಿ ಹಳೆಯ ಪಾಸ್ಟರಿನದಾಗುತ್ತಿತ್ತು. ಬಿಷಪ್ ತಮ್ಮ ಕೈಯಾರೆ ಹೆಸರು ಹೊಡೆದದ್ದಕ್ಕೆ ಒಂದು ಗುರುತು, ಒಂದು ಗೆರೆ, ಡೈರಿಯಲ್ಲಿ ಒಂದು ಸಾಲು ಸಿಕ್ಕರೆ ತಂದು ಅಪ್ಪನ ಕೈಗಿಡಬೇಕು, ಅವರು ಸಾಯುವ ಮೊದಲು. ನನ್ನ ತಲೆಯಲ್ಲಿದ್ದದ್ದು ಅಷ್ಟೇ.

ಬಿಷಪ್ಪರಿಗೆ ನಾನು ಯಾರ ಮಗಳು ಎಂದು ಹೇಳಲಿಲ್ಲ. ಅವರೂ ಕೇಳಲಿಲ್ಲ. ನನ್ನನ್ನು ಟೈಪಿಸ್ಟಮ್ಮ ಎಂದು ಕರೆಯುತ್ತಿದ್ದರು. ಕಾಗದ ಮುಟ್ಟುವ ಮೊದಲು ಬೆರಳಿಗೆ ನೀಲಗಿರಿ ಎಣ್ಣೆ ಸವರಿಕೊಳ್ಳುವುದು ಅವರ ಅಭ್ಯಾಸ, ಹುಳ ಬರಬಾರದೆಂದು. ಹಾಗಾಗಿ ಕೋಣೆಯ ಒಂದೊಂದು ಹಾಳೆಯೂ ಅವರಂತೆಯೇ ನಾರುತ್ತಿತ್ತು. ನನ್ನೆದುರಿಗೇ ಕಾಫಿ ಕುಡಿಯುತ್ತಿದ್ದರು, ಎಂಟು ತಿಂಗಳಲ್ಲಿ ಒಮ್ಮೆಯೂ ನಿನಗೆ ಬೇಕೇ ಎನ್ನಲಿಲ್ಲ. ನಾನು ಪತ್ರ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಿ 'ಇಡು' ಅಥವಾ 'ಸುಡು' ಎನ್ನಬೇಕು. ಇಡುವುದಕ್ಕೆ ರಟ್ಟಿನ ಪೆಟ್ಟಿಗೆಗಳು, ಸುಡುವುದಕ್ಕೆ ಹಳೆಯದೊಂದು ಬಕೆಟ್ಟು. ಪರದೇಶದ ಸಭೆಗಳಿಂದ ಬಂದ ಹೊಗಳಿಕೆಯೆಲ್ಲ ಪೆಟ್ಟಿಗೆಗೆ ಹೋಗುತ್ತಿತ್ತು. ಒಮ್ಮೆ ತೀರಿಹೋದ ಪಾಸ್ಟರೊಬ್ಬರ ಹೆಂಡತಿ ಹಿಂದೆ ಬರೆದಿದ್ದ ಪತ್ರ ಕೈಗೆ ಬಂತು. ಮಗಳ ಪರೀಕ್ಷೆ ಮುಗಿಯುವವರೆಗೆ ಪಾರ್ಸನೇಜಿನಲ್ಲಿರಲು ಬಿಡಿ ಎಂದು ಕೇಳಿದ್ದರು. ಓದುತ್ತ ನನ್ನ ದನಿ ಸ್ವಲ್ಪ ನಡುಗಿತು.

"ಸುಡು," ಅಂದರು ಬಿಷಪ್ಪರು. "ಕಣ್ಣೀರೆಲ್ಲ ಕಡತಕ್ಕೆ ಬೇಡ. ಆಮೇಲೆ, ಟೈಪಿಸ್ಟಮ್ಮ, ನೀನು ನಾಟಕದೋರ ಥರ ಓದ್ಬೇಡ."

ಇಷ್ಟಾದರೂ ಒಂದು ಮಾತು ಒಪ್ಪಬೇಕು. ಆ ಮನುಷ್ಯನಿಗೆ ಮರೆವೆಂಬುದೇ ಇರಲಿಲ್ಲ. ಯಾವ ವರ್ಷ, ಯಾವ ಊರು, ಯಾರ ಮಗನಿಗೆ ಯಾವ ಶಾಲೆ, ಎಲ್ಲ ಬಾಯಲ್ಲಿತ್ತು. ಬೇರೆಯವರ ಬದುಕು ಅಷ್ಟು ಚೆನ್ನಾಗಿ ನೆನಪಿದ್ದೂ ಹೀಗಿರಲು ಹೇಗೆ ಸಾಧ್ಯ ಎಂದು ನಾನು ದಿನಾ ಬಸ್ಸಿನಲ್ಲಿ ಯೋಚಿಸುತ್ತ ಮನೆಗೆ ಹೋಗುತ್ತಿದ್ದೆ.

ಆರನೇ ತಿಂಗಳಲ್ಲಿ ಆ ವರ್ಷದ ಕಡತ ಕೈಗೆ ಬಂತು. ಅಂದು ಓದಿದ ಊರುಗಳ ಪಟ್ಟಿ ಎಲ್ಲಕ್ಕಿಂತ ಮೇಲೆ ಇತ್ತು, ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿದ ತೆಳ್ಳನೆಯ ಹಾಳೆಗಳು. ಮೊದಲ ಹಾಳೆಯಲ್ಲಿ ಅಪ್ಪನ ಹೆಸರಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ, ಹೊಡೆದುಹಾಕಿದ ಗೆರೆಯೂ ಇರಲಿಲ್ಲ. ಎರಡನೇ ಹಾಳೆ ಯಾಕೋ ದಪ್ಪ ಅನ್ನಿಸಿತು. ಉಗುರು ಹಾಕಿ ಬಿಡಿಸಿದೆ. ಹಿಂದೆ ಇನ್ನೊಂದು ಹಾಳೆ ಅಂಟಿಕೊಂಡಿತ್ತು. ಅದರ ತುದಿಯಲ್ಲಿ ಒಂದೇ ಒಂದು ಸಾಲು, ಅಪ್ಪನ ಹೆಸರು, ಮುಂದೆ ಕೋಲಾರದ ಕಡೆಯ ಒಂದು ಊರು. ಒಳ್ಳೆಯ ಊರು. ಅಲ್ಲಿನ ಪಾರ್ಸನೇಜಿಗೆ ಹಿತ್ತಲಿದೆ, ಬಾವಿಯಿದೆ ಎಂದು ಅಮ್ಮ ಎಷ್ಟು ಸಲ ಆಸೆಯಿಂದ ಮಾತಾಡಿದ್ದಳೋ...

ಬಿಷಪ್ಪರಿಗೆ ಅದನ್ನು ಓದಿ ಹೇಳಿದೆ. ಅವರು 'ಇಡು' ಎನ್ನಲಿಲ್ಲ, 'ಸುಡು' ಎಂದೂ ಎನ್ನಲಿಲ್ಲ. ಬೆರಳಿಗೆ ಮತ್ತೆ ಎಣ್ಣೆ ಸವರಿಕೊಂಡರು. ಆಮೇಲೆ ತಾವಾಗಿಯೇ ಹೇಳಿದರು. ಅವತ್ತು ಓದುವಾಗ ಎರಡೇ ಹಾಳೆ ಎಂದುಕೊಂಡು ಮುಗಿಸಿಬಿಟ್ಟರಂತೆ. ಸಂಜೆ ಕೋಣೆಗೆ ಬಂದು ನೋಡಿದಾಗ ಮೂರನೆಯದು ಕಂಡಿತಂತೆ. ಆಶೀರ್ವಾದ ಹೇಳಿದ ಮೇಲೆ ಓದಿದ್ದೇ ಆಜ್ಞೆ. ಪಟ್ಟಿ ಮಾಡುವಾಗ ಜೊತೆಗಿದ್ದ ಹಿರಿಯರಿಗೂ ಅಪ್ಪನ ಹೆಸರಿದ್ದದ್ದು ಗೊತ್ತಿತ್ತು. ಬಿಷಪ್ಪರೇ ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದ್ದಾರೆ ಎಂದುಕೊಂಡು ಅವರೂ ಬಾಯಿ ಬಿಡಲಿಲ್ಲ. ಆ ಊರಿಗೆ ಬೇರೆಯವರನ್ನು ಕಳಿಸಲಾಯಿತು.

"ಬಂದು ಕೇಳ್ತಾನೆ ಅಂತ ಮೂರು ದಿನ ನೋಡ್ದೆ. ಬರಲಿಲ್ಲ. ಅಷ್ಟು ಸೊಕ್ಕಿದ್ರೆ ಇರ್ಲಿ ಅಂತ ಬಿಟ್ಟೆ," ಎಂದರು.

ಸಮಾಧಿ ಜಾಗದ ಬಗ್ಗೆ ಆ ಪಾಸ್ಟರ್ ಮಾತಾಡಿದ್ದಕ್ಕೆ ಹೆಸರು ಬಿಟ್ಟದ್ದಲ್ಲವೇ ಎಂದು ಕೇಳಿದೆ. ಯಾವ ಮಾತು ಎಂದರು. ಹೇಳಿದೆ. ಮರೆವೇ ಇಲ್ಲದ ಆ ಮನುಷ್ಯ ಹುಬ್ಬು ಗಂಟಿಕ್ಕಿ ಯೋಚಿಸಿದರು. ಆ ಚರ್ಚೆ ನಡೆದದ್ದು ನೆನಪಿದೆ, ಯಾರು ಮಾತಾಡಿದರೋ ಗಮನಿಸಲಿಲ್ಲ, ಆಗ ಮೇಜಿನ ಕೆಳಗೆ ಇದೇ ಪಟ್ಟಿ ತಿದ್ದುತ್ತ ಕೂತಿದ್ದೆ ಎಂದರು. ನಾಚಿಕೆಯಿಂದ ತಗ್ಗಿದ ತಲೆ ಅಂದರೆ ಅದು.

ಆಗ ನಾನು ಯಾರ ಮಗಳೆಂದು ಹೇಳಿಬಿಟ್ಟೆ. ಬಿಷಪ್ಪರು ನನ್ನತ್ತ ತಿರುಗಿ, "ಇದಾನಾ ಇನ್ನೂ?" ಎಂದರು.

ಇದ್ದಾರೆ, ಹೆಗ್ಗನಹಳ್ಳಿಯಲ್ಲಿ, ಆಟೋದಲ್ಲಿ ಇಪ್ಪತ್ತು ನಿಮಿಷ, ಬಂದು ಒಂದು ಮಾತು ಹೇಳಿ, ತಪ್ಪಾಯಿತು ಎನ್ನಿ ಎಂದು ಬೇಡಿಕೊಂಡೆ. ನಾನು ಯಾರಿಗೂ ಹಾಗೆ ಕೈಮುಗಿದವಳಲ್ಲ. ಅವರು ಆಗದೆಂದು ತಲೆಯಾಡಿಸಿದರು. ಆ ಹಾಳೆಯನ್ನು ಬಕೆಟ್ಟಿಗೆ ಹಾಕಲು ಹೇಳಿದರು.

"ಕಾಲೇಜಿನೋರು ಬಿಷಪ್ ಕಟುಕ ಅಂತ ಬರ್ಕೊಳ್ಳಲಿ, ಚಿಂತೆ ಇಲ್ಲ. ಬಿಷಪ್‌ಗೆ ಹಾಳೆ ತಿರುವೋಕೆ ಬರ್ತಿರಲಿಲ್ಲ ಅಂತ ಬರೀಬಾರ್ದು. ಇನ್ನೊಂದು ಮಾತು ಕೇಳು. ನಿಮ್ಮಪ್ಪನಿಗೆ ಇದನ್ನ ಹೇಳ್ಬೇಡ. ಅವನಿಗೆ ನಾನು ಕಟುಕನಾಗಿರೋದೇ ಒಳ್ಳೇದು."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದ ಹಾಗೆ, ಈ ವಯಸ್ಸಿನಲ್ಲೂ ತನ್ನ ಮಾನದ್ದೇ ಚಿಂತೆ ಎಂದುಕೊಂಡೆ. ಹಾಳೆಯನ್ನು ಬಕೆಟ್ಟಿಗೆ ಹಾಕಿದಂತೆ ಮಾಡಿ ಊಟದ ಚೀಲಕ್ಕೆ ಸೇರಿಸಿದೆ. ಕೊನೆಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ಅಪ್ಪನ ಮಂಚದ ಮೇಲೆ ಹಾಳೆ ಹರಡಿದೆ. ನೋಡಿ, ನಿಮ್ಮ ಹೆಸರಿತ್ತು, ಒಳ್ಳೆಯ ಊರೇ ಕೊಟ್ಟಿದ್ದರು, ನಿಮ್ಮ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಹಾಳೆ ಅಂಟಿಕೊಂಡು ಆದ ತಪ್ಪು ಅಷ್ಟೇ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಗೆದ್ದವಳಂತೆ ಹೇಳಿದೆ. ಅಪ್ಪ ಭೂತಗನ್ನಡಿ ಹಿಡಿದು ತಮ್ಮ ಹೆಸರನ್ನು ತುಂಬ ಹೊತ್ತು ನೋಡಿದರು. ಬೆರಳಿನಿಂದ ಸವರಿದರು. ಅವರು ಅಳುತ್ತಾರೆ, ನಾನೂ ಅಳಬಹುದು ಎಂದು ಕಾದೆ.

"ಹಾಗಾದ್ರೆ ನಾನು ಮಾತಾಡಿದ್ದು ಅವರಿಗೆ ಕೇಳಿಸ್ಲೇ ಇಲ್ವೇನಮ್ಮಾ?" ಎಂದು ಕೇಳಿದರು.

ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಆ ಭಾನುವಾರ ಹುಡುಗರು ಬಂದಾಗ, ನಿದ್ದೆ ಮಾಡ್ತಿದಾರೆ ಅಂತ ಹೇಳಿಬಿಡು ಎಂದರು. ಮುಂದಿನ ಭಾನುವಾರವೂ ಅದೇ. ಮೂರನೇ ವಾರ ಹುಡುಗರು ಹಣ್ಣು ಇಟ್ಟು ಹೋದರು. ಅಪ್ಪ ಊಟ ಬಿಟ್ಟರು ಎಂದೇನಲ್ಲ, ಕೊಟ್ಟಷ್ಟು ತಿನ್ನುತ್ತಿದ್ದರು. ಆದರೆ ಪ್ರಾರ್ಥನೆಗೆ ಕೂರಿಸಿದರೆ ನೀನೇ ಮಾಡಮ್ಮ ಎನ್ನುತ್ತಿದ್ದರು. ಊದುಬತ್ತಿ ಗೋಡೌನಿನಲ್ಲಿ ಕಳೆದ ಅಷ್ಟೂ ವರ್ಷ ಅವರನ್ನು ನೆಟ್ಟಗೆ ನಿಲ್ಲಿಸಿದ್ದ ಒಂದೇ ಒಂದು ಕೋಲನ್ನು ಮಗಳೇ ಕಿತ್ತುಕೊಂಡಿದ್ದಳು. ಎರಡು ತಿಂಗಳೊಳಗೆ ಹೋಗಿಬಿಟ್ಟರು. ನನಗೆ ಜನ್ಮ ಕೊಟ್ಟವರನ್ನು ನನಗಿಂತ ಚೆನ್ನಾಗಿ ತಿಳಿದಿದ್ದವರು ಆ ಕಟುಕ ಮನುಷ್ಯ ಎಂಬುದನ್ನು ನಾನು ಇಂದಿಗೂ ಅರಗಿಸಿಕೊಂಡಿಲ್ಲ.

ಹೂಳುವ ದಿನ ಯಾದಗಿರಿಯ ಹುಡುಗನೊಬ್ಬ ಎರಡು ಮಾತಾಡಿದ. ಬಿಷಪ್ಪರ ಎದುರು ಎದ್ದು ನಿಂತು ಸತ್ಯ ಹೇಳಿದ್ದಕ್ಕೆ ಹೆಸರನ್ನೇ ಕಳೆದುಕೊಂಡ ಅಯ್ಯನವರು ಎಂದ. ಜನ ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ವಾರ ಕಳೆದ ಮೇಲೆ ಆ ಹಾಳೆ ತಂದ ದಿನದಿಂದ ಬಿಟ್ಟಿದ್ದ ಕೆಲಸ ಮುಗಿಸಲು ಬಸವೇಶ್ವರನಗರಕ್ಕೆ ಹೋದೆ. ಬಿಷಪ್ಪರು ನನ್ನ ಮುಖ ನೋಡಿ, ಹೇಳಿಬಿಟ್ಟೆ ಅಲ್ವಾ ಎಂದರು. ಬೇರೇನೂ ಕೇಳಲಿಲ್ಲ. ಮುಂದಿನ ಪತ್ರ ಓದು ಎಂದರು, ಓದಿದೆ. ಮರುವರ್ಷ ಅವರೂ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ.

ಮೊನ್ನೆ ವಿಜಯನಗರದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಾಗ ಇದನ್ನೆಲ್ಲ ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳಲು ಯಾರೂ ಉಳಿದಿಲ್ಲ. ಕಾಲೇಜಿನ ಆ ಕಡತಗಳನ್ನು ನೋಡಿಕೊಳ್ಳುವವರು ಹೋದ ತಿಂಗಳು ಫೋನ್ ಮಾಡಿದ್ದರು. ಆ ವರ್ಷದ ಪಟ್ಟಿಯಲ್ಲಿ ಒಬ್ಬ ಪಾಸ್ಟರ್ ಹೆಸರು ಇಲ್ಲ, ಇನ್ನೊಂದು ಹಾಳೆ ಏನಾದರೂ ಇತ್ತೇ ಮೇಡಂ ಎಂದು ಕೇಳಿದರು. ಹಾಳೆ ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗಿದೆ. "ಇಲ್ಲ ಸಾರ್, ಎರಡೇ ಹಾಳೆ ಇದ್ದಿದ್ದು," ಎಂದೆ. ಹಾಗಾದರೆ ಬಿಷಪ್ಪರು ಬೇಕೆಂದೇ ಬಿಟ್ಟಿರಬೇಕು ಎಂದರು ಅವರು. ಇರಬೇಕು ಎಂದೆ. ಅವರು ಅದನ್ನೇ ಬರೆದುಕೊಂಡರು. ಬಿಷಪ್ಪರು ಬಯಸಿದ್ದೂ ಅದೇ, ಅಪ್ಪ ನಂಬಿಕೊಂಡು ಬದುಕಿದ್ದೂ ಅದೇ. ಕಾಲೇಜಿನವರಿಗೆ ಅಷ್ಟು ಸಲೀಸಾಗಿ ಹೇಳಿದ ಆ ಸುಳ್ಳನ್ನು, ಅವತ್ತು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಪ್ಪನಿಗೆ ಹೇಳಬಹುದಿತ್ತು.