ಎಡಕ್ಕೆ ತಿರುಗಿದವಳು ನಾನು

ತಂಗಿಯ ಬಾಣಂತನಕ್ಕೆಂದು ನಾನು ನ್ಯೂಜೆರ್ಸಿಗೆ ಹೋದಾಗ ಅವಳಿಗೆ ಆರು ತಿಂಗಳು. ಅವ್ವ ತೀರಿಕೊಂಡಿದ್ದಳು, ಹಾಗಾಗಿ ಧಾರವಾಡದಿಂದ ಅಕ್ಕನಾದ ನಾನೇ ಹೋದೆ. ನಾನು ಓದಿದ್ದು ಏಳನೆಯ ತರಗತಿವರೆಗೆ. ತಂಗಿ ಇಂಜಿನಿಯರು. ಎರಡು ಸಾವಿರದ ಇಸವಿ ಹತ್ತಿರ ಬರುತ್ತಿತ್ತು; ಹಳೆಯ ಪ್ರೋಗ್ರಾಂಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವ ಕೆಲಸ ಆಗ ಅಲ್ಲಿ ಬೇಕಾದಷ್ಟಿತ್ತು. ಅವಳೂ ಪ್ರಿನ್ಸ್‌ಟನ್ ಹತ್ತಿರದ ಒಂದು ಆಫೀಸಿನಲ್ಲಿ ಅದನ್ನೇ ಮಾಡುತ್ತಿದ್ದಳು. ಆ ಮನೆಯಲ್ಲಿ ಉಳಿದವರಿಗಿಂತ ಚೆನ್ನಾಗಿ ನನಗೆ ಗೊತ್ತಿದ್ದದ್ದು ಎಂದರೆ ಬಸುರಿ ಏನು ತಿನ್ನಬೇಕು, ಏನು ಮಾಡಬಾರದು ಎಂಬುದು ಮಾತ್ರ. ಅದನ್ನು ನಾನು ಸ್ವಲ್ಪ ಜೋರಾಗಿಯೇ ನಡೆಸುತ್ತಿದ್ದೆ.

ಡಾಕ್ಟರು ದಿನವೂ ನಡೆಯಲು ಹೇಳಿದ್ದರು. ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರದಲ್ಲಿ ಒಂದು ಕಾಡು. ಅದರೊಳಗೆ ಒಂದು ಕೊಳವನ್ನು ಸುತ್ತಿ ಹೊರಟಲ್ಲಿಗೇ ಬಂದು ಸೇರುವ ಕಾಲುದಾರಿ, ಮೂರು ಮೈಲಿ. ಗಿಡಗಳ ಕಾಂಡಕ್ಕೆ ಇಸ್ಪೀಟಿನ ಎಲೆಯಷ್ಟು ಬಿಳಿ ಬಣ್ಣ ಬಳಿದಿರುತ್ತಿದ್ದರು; ಒಂದು ಗುರುತು ಕಂಡ ಮೇಲೆ ಮುಂದಿನದನ್ನು ಹುಡುಕುತ್ತ ನಡೆದರಾಯಿತು. ತಂಗಿಯ ಗಂಡ ಮೈಸೂರಿನವರು, ಅಲ್ಲಿಗೆ ಎಷ್ಟೋ ಸಲ ಹೋದವರು. ಆ ಶನಿವಾರ ಅವರಿಗೆ ಆಫೀಸಿತ್ತು. ಒಂದು ಹಾಳೆಯ ಮೇಲೆ ಬಾಣದ ಗುರುತು ಹಾಕಿ ದಾರಿ ಬರೆದುಕೊಟ್ಟರು.

"ಶುರುವಿನಲ್ಲೇ ದಾರಿ ಕವಲೊಡೆಯುತ್ತೆ. ರೈಟ್ ತಗೊಳ್ಳಿ, ಮರೀಬೇಡಿ. ಸ್ವಲ್ಪ ದೂರಕ್ಕೇ ಬಂಡೆಗಳಿವೆ, ಹತ್ತೋಕೆ ಸುಲಭ, ಲೆಫ್ಟಿಂದ ಸುತ್ತಿ ಬಂದ್ರೆ ಇಳೀಬೇಕಾಗುತ್ತೆ, ಅದು ಡೇಂಜರ್."

ನಾನು ಸೀರೆಯ ಕೆಳಗೆ ತಂಗಿಯ ಹಳೆಯ ಬೂಟು ಹಾಕಿಕೊಂಡೆ. ಏಪ್ರಿಲ್ ತಿಂಗಳು, ಎಲೆ ಇನ್ನೂ ಪೂರ್ತಿ ಬಂದಿರಲಿಲ್ಲ. ಹೋದ ವರ್ಷದ ಎಲೆಗಳು ಕಾಲಡಿ ಹಪ್ಪಳದಂತೆ ಮುರಿಯುತ್ತಿದ್ದವು. ಕವಲಿಗೆ ಬಂದಾಗ ಮರಗಳ ಸಂದಿನಿಂದ ಕೊಳ ಕಂಡಿತು. ತಂಗಿ ಬಲಕ್ಕೆ ತಿರುಗಿದಳು. ನಾನು ನಿಂತೆ.

"ಆ ಕಡೆ ಹೋದ್ರ ನೀರು ನಮ್ಮ ಎಡಕ್ಕ ಬೀಳತೈತಲ್ಲ. ಅದು ಅಪ್ರದಕ್ಷಿಣಿ."

"ಅಕ್ಕಾ, ಇದು ಗುಡಿ ಅಲ್ಲ."

"ಹೊಟ್ಟ್ಯಾಗ ಕೂಸು ಇಟಗೊಂಡು ಯಾರರ ಉಲ್ಟಾ ಸುತ್ತತಾರೇನು? ಹಂಗ ಸುತ್ತೂದು ಹೆಣದ ಸುತ್ತ."

"ಅವರು ರೈಟ್ ಅಂತ ಬರದು ಕೊಟ್ಟಾರ."

"ಅವರಿಗೇನು ಗೊತ್ತು, ಗಂಡಸರಿಗೆ."

ತಂಗಿ ಹಾಳೆ ಮಡಚಿ ಜೇಬಿಗಿಟ್ಟಳು. "ನಡಿ ಮಾರಾಯ್ತಿ, ನಿನ್ನ ಕೂಡ ವಾದ ಮಾಡಿ ಯಾರು ಗೆದ್ದಾರ."

ಎಡಕ್ಕೆ ಹೋದೆವು. ಎರಡೂವರೆ ಮೈಲಿ ನಾನು ಬಹಳ ಸಂತೋಷದಿಂದಿದ್ದೆ. ನೀರು ಬಲಕ್ಕೇ ಇತ್ತು. ತಂಗಿ ಒಂದೊಂದು ಗಿಡದ ಹೆಸರು ಇಂಗ್ಲಿಷಿನಲ್ಲಿ ಹೇಳಿದಳು. ನಡುವೆ ಒಂದು ಬಿದ್ದ ಮರದ ಮೇಲೆ ಕುಳಿತು ಅವಲಕ್ಕಿ ತಿಂದೆವು. ಆಮೇಲೆ ಬಂಡೆಗಳು ಬಂದವು.

ಮೇಲಿನಿಂದ ನೋಡಿದರೆ ಕಾಲಿಡುವ ಜಾಗವೇ ಕಾಣುತ್ತಿರಲಿಲ್ಲ. ಅವಳಿಗೆ ಹೊಟ್ಟೆ ಅಡ್ಡ. ನಾನು ಮೊದಲು ಇಳಿದು ಕೈ ಚಾಚಿದೆ. ಅವಳು ನನ್ನ ಕೈ ಹಿಡಿಯುವ ಮೊದಲೇ ಪಾಚಿಯ ಮೇಲೆ ಜಾರಿದಳು. ಹೊಟ್ಟೆಯನ್ನು ಉಳಿಸಿಕೊಳ್ಳಲು ಬಲಗೈ ಊರಿದಳು. ಕುಳಿತಲ್ಲೇ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಎದುರಿನಿಂದ ಹತ್ತಿ ಬರುತ್ತಿದ್ದ ವಯಸ್ಸಾದ ಗಂಡ ಹೆಂಡತಿ ಇಬ್ಬರೂ ಸೇರಿ ಅವಳನ್ನು ಇಳಿಸಿ, ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಮುಟ್ಟಿಸಿದರು.

ಮಗುವಿನ ಎದೆಬಡಿತವನ್ನು ಮಷೀನಿನಲ್ಲಿ ಕೇಳಿಸಿದರು. ಕುದುರೆ ಓಡಿದ ಹಾಗಿತ್ತು. ಮಗುವಿಗೆ ಏನೂ ಆಗಿರಲಿಲ್ಲ. ತಂಗಿಯ ಮಣಿಕಟ್ಟಿನ ಎಲುಬು ಮುರಿದಿತ್ತು.

ಅವಳ ಗಂಡ ಆಫೀಸಿನ ಬ್ಯಾಡ್ಜು ಕೊರಳಲ್ಲಿರುವಂತೆಯೇ ಓಡಿ ಬಂದರು. ಎಲ್ಲ ಕೇಳಿಕೊಂಡು ಕೊನೆಗೆ, "ಬಂಡೆ ಯಾಕೆ ಇಳಿದ್ರಿ? ರೈಟ್ ಅಂತ ಬರೆದಿದ್ನಲ್ಲ?" ಎಂದರು.

ತಂಗಿ ನನ್ನನ್ನು ನೋಡಿದಳು. ನಾನು ಬೂಟಿನ ಮಣ್ಣು ನೋಡಿದೆ. ಒಂದು ಮಾತು ಸಾಕಿತ್ತು. ಆದರೆ ಹೇಳಿದರೆ ಈ ಮನುಷ್ಯ ಹಸುಗೂಸನ್ನು ಎಣ್ಣೆ ನೀರಿಗೆ ನನ್ನ ಕೈಗೆ ಕೊಡುತ್ತಾರೆಯೇ ಎಂದು ಭಯವಾಯಿತು. ಆ ಮನೆಯಲ್ಲಿ ನನಗೆ ಗೊತ್ತಿದ್ದ ಒಂದೇ ವಿದ್ಯೆಯೂ ತಪ್ಪೆಂದಾಗುತ್ತಿತ್ತು.

"ನಾನೇ, ನೋಡ್ಲಿಲ್ಲ," ಎಂದಳು ತಂಗಿ.

"ಇಂಜಿನಿಯರಂತೆ. ಒಂದು ಬಾಣದ ಗುರುತು ಓದೋಕೆ ಬರಲ್ಲ." ಅವರು ನನ್ನ ಕಡೆ ತಿರುಗಿದರು. "ಪಾಪ ಅಕ್ಕ, ಹೊಸ ಜಾಗದಲ್ಲಿ ನಿಮ್ಮನ್ನ ಗಾಬರಿ ಮಾಡಿಬಿಟ್ಲು. ಬೇಜಾರು ಮಾಡ್ಕೋಬೇಡಿ."

"ಇರಲಿ ಬಿಡ್ರಿ," ಎಂದೆ.

ಸುಮ್ಮನಿದ್ದದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಕಾಡುತ್ತದೆ. ನನ್ನ ತಪ್ಪಿಗೆ ನಾನು ಅವಳನ್ನು ಕ್ಷಮಿಸಿದೆ.

ಆರು ವಾರ ತಂಗಿ ಎಡಗೈಯೊಂದರಲ್ಲೇ ಟೈಪ್ ಮಾಡಿದಳು. ನಾನು ದಿನವೂ ಅವಳ ತಲೆ ಬಾಚಿದೆ. ಹೇಳಿಬಿಡೋಣವೆಂದುಕೊಂಡೇ ಜಡೆ ಹೆಣೆದು ಮುಗಿಸುತ್ತಿದ್ದೆ. ಜುಲೈನಲ್ಲಿ ಹೆಣ್ಣುಮಗು ಹುಟ್ಟಿತು. ಮೊದಲ ದಿನದಿಂದ ನನ್ನ ಕಾಲ ಮೇಲೆಯೇ ಅದರ ಸ್ನಾನ.

ನಾನು ಹೊರಡುವ ಮುಂಚೆ, ಸೆಪ್ಟೆಂಬರಿನಲ್ಲಿ, ಎಲ್ಲರೂ ಮತ್ತೆ ಆ ಕಾಡಿಗೆ ಹೋದೆವು. ಮಗು ಅಪ್ಪನ ಎದೆಯ ಚೀಲದಲ್ಲಿ ಮಲಗಿತ್ತು. ಕವಲಿನಲ್ಲಿ ಅವರು ನಕ್ಕರು. "ಅಕ್ಕ, ಇವತ್ತು ನೀವೇ ಲೀಡ್ ಮಾಡಿ. ಇವಳನ್ನ ನಂಬೋಕಾಗಲ್ಲ."

ನಾನು ಬಲಕ್ಕೆ ತಿರುಗಿದೆ. ಕೊಳ ಎಡಕ್ಕೆ ಬಂತು. ಬಂಡೆಗಳು ಕೆಳಗಿನಿಂದ ಮೆಟ್ಟಿಲಿನಂತೆಯೇ ಕಂಡವು. ಅವರು ಮಗುವಿನೊಡನೆ ಮುಂದೆ ಹತ್ತಿದರು. ನಾನು ಹಿಂದೆ ನಿಂತು ತಂಗಿಗೆ ಮೆಲ್ಲಗೆ ಕೇಳಿದೆ, "ಅವರಿಗೆ ಹೇಳಿಬಿಡಲೇನು?"

"ಈಗ ಹೇಳಿದ್ರ ನಾ ಸುಳ್ಳಿ ಆಗ್ತೀನಿ," ಎಂದಳು. "ಅವತ್ತ ಹೇಳಬೇಕಿತ್ತು. ಹತ್ತು, ಕೂಸು ಎದ್ದೀತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಕೊಟ್ಟು ನನ್ನನ್ನು ಮೇಲೆಳೆದುಕೊಂಡಳು, ಅದೇ ಬಲಗೈ.

ಈಗಲೂ ಫೋನಿನಲ್ಲಿ ಅವಳ ಗಂಡ, ನಿಮ್ಮ ತಂಗಿಗೆ ಎಡ ಬಲ ಗೊತ್ತಾಗಲ್ಲ ಅಕ್ಕ, ಎನ್ನುತ್ತಾರೆ. ಹಿಂದಿನಿಂದ ಅವಳು ನಗುವುದು ಕೇಳುತ್ತದೆ. ಅವರು ಕನ್ನಡ ಓದುತ್ತಾರೆ. ಇದನ್ನು ಓದಿದರೆ ಅವಳಿಗೆ ಏನೂ ಅನ್ನಬೇಡಿ, ನನಗೆ ಅನ್ನಿ.