ಹಿತ್ತಲಿನ ಕಲ್ಲು ಕಿತ್ತ ದಿನ

ಮೊನ್ನೆ ಗುರುವಾರ ಸಂಜೆ ಓಣಿಯ ಯಾರದೋ ಮನೆಯಿಂದ ಲೋಬಾನದ ಹೊಗೆ ಕಿಟಕಿಯೊಳಗೆ ಬಂತು. ಸೊಸೆ ಕೆಮ್ಮುತ್ತಾ ಕಿಟಕಿ ಹಾಕಲು ಎದ್ದಳು. 'ಇರ್ಲಿ ಬಿಡವ್ವ' ಎಂದೆ. ಆ ವಾಸನೆಗೆ ನನ್ನ ಆಪಾ ನೆನಪಾದರು...

ಆಗ ನಿಜಾಮನ ಕಾಲ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮದೂ ಅವರದೂ ಪಕ್ಕಪಕ್ಕದ ಮನೆ. ಎರಡು ಹಿತ್ತಲುಗಳ ನಡುವೆ ಶಹಾಬಾದಿ ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು, ಅದೇ ಗೋಡೆ. ಹೊಸದಾಗಿ ಲಗ್ನವಾಗಿ ಬಂದ ನನಗೆ ಆ ಗೋಡೆಯಾಚೆಯ ಹೆಣ್ಣುಮಗಳೇ ಅಕ್ಕನಾದರು, ಆಪಾ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಭಾಳ ನಗಿಸುತ್ತಿದ್ದರು. ನಮ್ಮ ಅತ್ತೆ ಅವರ ಮನೆಯ ನೀರೂ ಮುಟ್ಟುವವರಲ್ಲ. ಆದರೂ ಆಪಾನ ಮಾತಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಆಪಾನ ಗಂಡ ರೈಲಿನ ಡಬ್ಬಿ ಜೋಡಿಸುವಾಗ ನಡುವೆ ಸಿಕ್ಕು ತೀರಿಹೋದರು. ಮಣ್ಣು ಮಾಡಿ ತಿಂಗಳೂ ಆಗಿರಲಿಲ್ಲ, ಆಫೀಸಿನ ಜಮಾದಾರ ಬಂದು ಬಾಗಿಲಲ್ಲಿ ನಿಂತ. ಆ ಕೆಲಸಕ್ಕೆ ಬೇರೆಯವರು ಬರುತ್ತಿದ್ದಾರೆ, ಸೋಮವಾರ ಮನೆ ಖಾಲಿಯಾಗಬೇಕು, ಇಲ್ಲದಿದ್ದರೆ ಸಾಮಾನು ಬೀದಿಗೆ ಎಂದ. ಅವನ ಬಾಯಲ್ಲಿ ಮಣ್ಣು ಬೀಳಲಿ ಎಂದು ಒಳಗೊಳಗೇ ಶಪಿಸಿದೆ.

ಶಪಿಸಿ ಸುಮ್ಮನಿದ್ದೆನೇ? ಭಾರಿ ಜಾಣೆಯ ಹಾಗೆ ತವರಿನ ಬಂಡಿ ತರಿಸಿ ಅವರ ಬಾಗಿಲಿಗೇ ನಿಲ್ಲಿಸಿದೆ, ಚಿತ್ತಾಪುರದ ಅವರ ಅಣ್ಣನ ಮನೆಗೆ ಮುಟ್ಟಿಸಿ ಬರಲಿ ಎಂದು. ಬಂಡಿ ನೋಡಿದ್ದೇ ಆಪಾ ತಲೆತಲೆ ಬಡಿದುಕೊಂಡರು.

'ನೀನೂ ನನ್ನ ಹೊರಗ ಹಾಕ್ಲಾಕ ಬಂದಿ ಏನ್ ತಂಗಿ? ನಾ ಇದ್ದತ್‌ನಾಗ ಇದೀನವ್ವ!'

ಗಂಡ ಸತ್ತ ಮೇಲೆ ನಾಲ್ಕು ತಿಂಗಳಿಗೂ ಮೇಲೆ ಹೆಂಗಸು ಅದೇ ಮನೆಯಲ್ಲಿರಬೇಕು, ಹೊಸ್ತಿಲು ದಾಟಬಾರದು ಎಂಬ ಅವರ ಕಟ್ಟಳೆ ಆಗಲೇ ನನಗೆ ಗೊತ್ತಾದದ್ದು. ಬಂಡಿ ಖಾಲಿ ತಿರುಗಿಹೋಯಿತು. ಆಪಾ ಊಟ ಬಿಟ್ಟರು. 'ಎಳದು ಬೀದ್ಯಾಗ ನಿಂದ್ರಿಸಿದ್ರ ನಾ ಜೀವ ಇಟ್ಕೊಳ್ಳಲ್ಲ' ಎಂದರು. ರೈಲಿನ ಹಳಿ ಕೂಗಳತೆಯಲ್ಲಿತ್ತು... ಅಂದಿನಿಂದ ನಾನೋ ಅತ್ತೆಯೋ ಒಬ್ಬರಾದರೂ ಅವರ ಪಕ್ಕ ಬಿಟ್ಟು ಏಳಲಿಲ್ಲ. ಅವರು ಅತ್ತರೆ ನಾವೂ ಅತ್ತೆವು, ಕಾಡಿ ಬೇಡಿ ಗಂಜಿ ಕುಡಿಸಿದೆವು.

ನಮ್ಮ ಯಜಮಾನರು ಆಫೀಸಿಗೆ ಹೋಗಿ ಕೈಮುಗಿದು ಬಂದರು. ನಡೆಯಲಿಲ್ಲ. ದಬ್ಬಿ ಹೊರಹಾಕಿದರೆ ಪಕ್ಕದ ಮನೆಗೆ ಹೋಗಬಹುದು, ಪಾಪವಿಲ್ಲ ಎಂದು ಮಸೀದಿಯ ಮೌಲ್ವಿಗಳು ಹೇಳಿಕಳಿಸಿದರು. ಆಪಾ ಒಪ್ಪಲೊಲ್ಲರು. ಪಕ್ಕದ ಮನೆಯಾದರೂ ಬೀದಿಗಿಳಿದೇ ಹೋಗಬೇಕಲ್ಲ, ಗಂಡಸರು ನೋಡುತ್ತಾರಲ್ಲ ಎಂಬುದು ಅವರ ಸಂಕಟ.

ಸೋಮವಾರ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ವಿಭೂತಿಯ ಹಣೆಯಲ್ಲೇ ಹಿತ್ತಲಿಗೆ ಬಂದರು. ಮಗನನ್ನು ಕರೆದು ಗೋಡೆ ತೋರಿಸಿದರು.

'ಹಾರಿ ತಗೊಂಡು ಬಾ. ಎರಡು ಕಲ್ಲು ಕೀಳು.'

'ಯವ್ವಾ, ರೈಲ್ವೆ ಗೋಡಿ ಅದ. ನೌಕರಿ ಹೋಗ್ತದ!'

'ಹೋದ್ರ ಹೋಗ್ಲಿ. ಕೂಲಿ ಮಾಡಿ ಉಣ್ಣಮ್. ಮೊದ್ಲ ಕಲ್ಲು ಕೀಳು!'

ಕಲ್ಲು ಕಿತ್ತು ಗಂಡಸರೆಲ್ಲ ದೂರ ಹೋದರು. ಆಪಾ ಮುಸುಕೆಳೆದುಕೊಂಡು, ಬೀದಿಯ ಮಣ್ಣು ಮೆಟ್ಟದೆ, ಹಿತ್ತಲಿನಿಂದ ಹಿತ್ತಲಿಗೆ ಬಂದರು. ನೀರು ಮುಟ್ಟದ ಅತ್ತೆಯೇ ಕೈಹಿಡಿದು ಒಳಗೆ ಕರೆದುಕೊಂಡರು, ತಾವು ಮಲಗುವ ಕೋಣೆ ಬಿಟ್ಟುಕೊಟ್ಟರು. ಆಡಿಕೊಳ್ಳುವವರು ಆಡಿಕೊಂಡರು. ಕಲ್ಲುಗಳನ್ನು ಅಂದೇ ಮತ್ತೆ ನಿಲ್ಲಿಸಿದೆವು. ಯಜಮಾನರ ನೌಕರಿಯೂ ಉಳಿಯಿತು.

ಇದ್ದತ್ ನಮ್ಮ ಮನೆಯಲ್ಲೇ ಮುಗಿಯಿತು. ಅಣ್ಣ ಬಂದು ಚಿತ್ತಾಪುರಕ್ಕೆ ಕರೆದುಕೊಂಡು ಹೋದರು. ಹೊರಡುವಾಗ ಆಪಾ ಕಾಲು ಹಿಡಿಯಲು ಬಗ್ಗಿದರೆ ಅತ್ತೆ ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು.

ಕೆಲವು ವರ್ಷಗಳಲ್ಲಿ ನಿಜಾಮನ ರಾಜ್ಯ ಹೋಯಿತು. ಅದಕ್ಕೂ ಮೊದಲು ಅವನ ಕಡೆಯ ರಜಾಕಾರರ ಕಾಟಕ್ಕೆ ನಮ್ಮವರು ಮನೆ ಬಿಟ್ಟು ಓಡಿದ್ದರು. ಆಮೇಲೆ ಸೇಡು ತೀರಿಸಿಕೊಳ್ಳುವವರಿಗೆ ಹೆದರಿ ಆಪಾನ ಕಡೆಯವರು ಓಡಿದರು. ಗದ್ದಲ ತಣ್ಣಗಾದ ಮೇಲೆ ಚಿತ್ತಾಪುರಕ್ಕೆ ಹೋದೆ. ಅಣ್ಣನ ಮನೆಗೆ ಬಾಗಿಲೂ ಉಳಿದಿರಲಿಲ್ಲ. ಎಲ್ಲಿ ಹೋದರೆಂದು ಕೇಳಿದರೆ ಓಣಿಯವರು ಮುಖ ತಿರುಗಿಸಿದರು...

ಅತ್ತೆ, ಯಜಮಾನರು ಈಗಿಲ್ಲ. ಆಪಾ ಎಲ್ಲಾದರೂ ಬದುಕಿರಬಹುದು ಎಂಬ ಆಸೆಯನ್ನೂ ಬಿಟ್ಟಿದ್ದೇನೆ. ಚಿತ್ತಾಪುರದಲ್ಲಿ ಆ ಬಾಗಿಲು ಮುರಿದ ದಿನ ಅವರ ಪಕ್ಕದ ಮನೆಯಲ್ಲಿ ಯಾರಿದ್ದರೋ... ಅದೊಂದನ್ನೇ ಕೇಳಿಕೊಳ್ಳುತ್ತಾ ಕೂರುತ್ತೇನೆ.